ಮೂಲನಿವಾಸಿಗಳ ಮಕ್ಕಳೂ ಕುಲದ ಸ್ವಯಂನಿರ್ಣಯವೂ

ತಂದೆತಾಯಿಗಳ ಪೋಷಣೆ ದೊರೆಯದ ಮಗುವನ್ನು ಯಾರು ಸಾಕಬೇಕೆಂಬ ಪ್ರಶ್ನೆಯು ಮೇಲುನೋಟಕ್ಕೆ ಕೇವಲ ಕರುಣೆಗೆ ಸಂಬಂಧಿಸಿದುದೆಂದು ತೋರುವುದು. ಆದರೆ ಒಂದು ಜನಾಂಗವು ಮತ್ತೊಂದರ ಆಳ್ವಿಕೆಗೆ ಒಳಪಟ್ಟಿರುವ ದೇಶಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವುಂಟು. ಮಗುವಿಗೆ ಯಾವುದು ಹಿತವೆಂಬುದನ್ನು ನಿರ್ಣಯಿಸತಕ್ಕವರು ಯಾರು? ಕುಟುಂಬವೆಂದರೆ ಏನೆಂಬುದನ್ನು ಯಾರ ಆಚಾರವನ್ನನುಸರಿಸಿ, ಯಾರ ಭಾಷೆಯ ಶಬ್ದಗಳಿಂದ ಹೇಳತಕ್ಕದ್ದು? ಉತ್ತರ ಅಮೆರಿಕಾದ ಮೂಲನಿವಾಸಿಗಳ ವಿಷಯದಲ್ಲಿ ಈ ಪ್ರಶ್ನೆಯು ನೂರೈವತ್ತು ವರ್ಷಗಳಷ್ಟು ಕಾಲ ವಿವಾದಗ್ರಸ್ತವಾಗಿದ್ದು, 1978ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ 2019ರಲ್ಲಿ ಕೆನಡಾ ದೇಶದಲ್ಲಿಯೂ ಎರಡು ಶಾಸನಗಳ ರೂಪವನ್ನು ತಾಳಿತು. ಆ ಶಾಸನಗಳು ಹುಟ್ಟಿದ ಬಗೆಯನ್ನೂ ಅವು ಕೆಲಸಮಾಡುವ ರೀತಿಯನ್ನೂ ಅವುಗಳ ಮೇಲೆ ಬಂದಿರುವ ಆಕ್ಷೇಪಗಳನ್ನೂ ವಿವರಿಸುವುದು ಈ ಲೇಖನದ ಉದ್ದೇಶ. ವಿಷಯವು ನ್ಯಾಯಶಾಸ್ತ್ರಕ್ಕೆ ಸೇರಿದುದಾದರೂ ಅದರ ತಿರುಳು ಬಂಧುವಾಚಕ ಶಬ್ದಗಳ ಅರ್ಥದಲ್ಲಿ ಅಡಗಿರುವುದರಿಂದ, ಭಾಷೆಯನ್ನು ವ್ಯಾಸಂಗಮಾಡುವವರಿಗೆ ಅದು ತೀರ ಹೊರಗಿನದೇನೂ ಅಲ್ಲ.

ಮೊದಲು ಪರಿಭಾಷೆಯನ್ನು ಕುರಿತು ಎರಡು ಮಾತು. ಕೊಲಂಬಸನು ತಾನು ಮುಟ್ಟಿದ ನೆಲವನ್ನು ನಮ್ಮ ದೇಶದ ಅಂಚೆಂದು ಭಾವಿಸಿದ ಕಾರಣ ಅಲ್ಲಿನ ಜನರಿಗೆ ಇಂಡಿಯನ್ನರೆಂಬ ಹೆಸರು ಬಂದು, ಅದು ಅಮೆರಿಕಾದ ಶಾಸನಗಳಲ್ಲಿ ಇಂದಿಗೂ ಉಳಿದಿದೆ. ಕನ್ನಡದಲ್ಲಿ ಆ ಶಬ್ದವನ್ನು ಬಳಸಿದರೆ ಗೊಂದಲವಾಗುವುದರಿಂದ ಇಲ್ಲಿ ಮೂಲನಿವಾಸಿಗಳೆಂದೇ ಹೇಳುವೆವು. ಕುಲ ಎಂಬ ಶಬ್ದವನ್ನು ಜಾತಿಯೆಂಬ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಸಂಯುಕ್ತ ಸಂಸ್ಥಾನಗಳಲ್ಲಿ ಕೇಂದ್ರ ಸರ್ಕಾರದ ಮನ್ನಣೆಯನ್ನು ಪಡೆದ ಕುಲಗಳು 500ಕ್ಕೂ ಹೆಚ್ಚಾಗಿವೆ. ಇವುಗಳಲ್ಲಿ ಬಹುಭಾಗಕ್ಕೆ ತಮ್ಮದೇ ಆದ ಆಡಳಿತಸಭೆಯೂ ಸದಸ್ಯತ್ವದ ನಿಯಮಗಳೂ ಇವೆ, ಅನೇಕಕ್ಕೆ ತಮ್ಮದೇ ನ್ಯಾಯಸ್ಥಾನವೂ ಉಂಟು. ಅಂದಮೇಲೆ ಇಲ್ಲಿ ಕುಲವೆಂದರೆ ಒಂದು ಚಿಕ್ಕ ರಾಜ್ಯವೆಂದೇ ತಿಳಿಯತಕ್ಕದ್ದು. ದತ್ತುಮಗು ಮತ್ತು ಸಾಕುಮಗು ಎಂಬ ಎರಡು ಮಾತುಗಳ ಭೇದವು ಕನ್ನಡಿಗರಿಗೆ ಸುಪರಿಚಿತವಾದುದು. ದತ್ತಕದಲ್ಲಿ ಮಗು ಜನಕನ ಗೋತ್ರವನ್ನು ಬಿಟ್ಟು ಮತ್ತೊಂದು ಮನೆಗೆ ಸೇರಿಹೋಗುತ್ತದೆ. ಸಾಕುವುದರಲ್ಲಿ ಹಳೆಯ ನಂಟು ಹರಿಯುವುದಿಲ್ಲ. ಆಂಗ್ಲ ನ್ಯಾಯಪದ್ಧತಿಯ ದತ್ತಕವೂ ನಮ್ಮ ಧರ್ಮಶಾಸ್ತ್ರದ ದತ್ತಕದಂತೆ ಹಳೆಯ ಸಂಬಂಧವನ್ನು ಕಡಿಯತಕ್ಕುದು. ಮೂಲನಿವಾಸಿಗಳ ಬಹು ಕುಲಗಳಲ್ಲಿ ರೂಢಿಯಾಗಿದ್ದುದಾದರೋ ಸಾಕುವಿಕೆಗೆ ಹತ್ತಿರವಾದುದು. ಮಗು ಅಜ್ಜಿಯ ಮನೆಯಲ್ಲಿಯೋ ಚಿಕ್ಕಮ್ಮನ ಮನೆಯಲ್ಲಿಯೋ ವರ್ಷಗಟ್ಟಲೆ ಬೆಳೆದರೂ ಅದು ಯಾರ ಮಗುವೆಂಬುದು ಯಾರಿಗೂ ಮರೆಯುತ್ತಿರಲಿಲ್ಲ.

ಈ ಸಂದರ್ಭದಲ್ಲಿ ಲೂಯಿ ಹೆನ್ರಿ ಮಾರ್ಗನ್ ಎಂಬ ಅಮೆರಿಕಾದ ವಿದ್ವಾಂಸನ ಹೆಸರನ್ನು ಸ್ಮರಿಸುವುದು ಉಚಿತ. ವಕೀಲನಾಗಿದ್ದ ಈತನು ನ್ಯೂಯಾರ್ಕ್ ಸೀಮೆಯ ಸೆನೆಕಾ ಕುಲದವರ ಬಂಧುವಾಚಕಗಳನ್ನು ಸಂಗ್ರಹಿಸುತ್ತ, ತಾಯಿಯ ಸೋದರಿಯನ್ನು ಅವರು ತಾಯಿಯೆಂದೂ ತಂದೆಯ ಸೋದರನನ್ನು ತಂದೆಯೆಂದೂ ಕರೆಯುವುದನ್ನು ಕಂಡು ಬೆರಗಾದನು. ತಾಯಿಯ ಸೋದರನಿಗೆ ಮಾತ್ರ ಬೇರೆ ಶಬ್ದ. ತಂದೆಯ ಸೋದರಿಗೂ ಹಾಗೆಯೇ. ಅನಂತರ ದಕ್ಷಿಣ ಭಾರತದಲ್ಲಿ ಕೆಲಸಮಾಡಿದ್ದ ಮಿಷನರಿಯೊಬ್ಬನಿಂದ ತಮಿಳಿನ ಬಂಧುವಾಚಕಗಳನ್ನು ತಿಳಿದು, ಅಲ್ಲಿಯೂ ಇದೇ ಏರ್ಪಾಡಿರುವುದನ್ನು ನೋಡಿ ಅವನ ಬೆರಗು ಇಮ್ಮಡಿಯಾಯಿತು. 1871ರಲ್ಲಿ ಪ್ರಕಟವಾದ ಅವನ ಬೃಹದ್ಗ್ರಂಥದ ಕೋಷ್ಟಕಗಳಲ್ಲಿ ತಮಿಳು ತೆಲುಗುಗಳೊಡನೆ ಕನ್ನಡದ ಶಬ್ದಗಳಿಗೂ ಸ್ಥಾನ ದೊರೆತಿದೆ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂಬ ಶಬ್ದಗಳಲ್ಲಿ ಅಪ್ಪ ಅಮ್ಮಂದಿರೇ ಇರುವುದನ್ನೂ, ಅವರ ಮಕ್ಕಳು ನಮಗೆ ಅಣ್ಣ ತಮ್ಮ ಅಕ್ಕ ತಂಗಿಯರೇ ಆಗಿರುವುದನ್ನೂ, ಸೋದರಮಾವನೂ ಸೋದರತ್ತೆಯೂ ಬೇರೆ ಸಾಲಿನಲ್ಲಿ ನಿಲ್ಲುವುದನ್ನೂ ನಾವು ದಿನವೂ ನುಡಿಯುತ್ತಿದ್ದರೂ ಅಷ್ಟಾಗಿ ಗಮನಿಸುವುದಿಲ್ಲ. ಈ ಸಾಮ್ಯದಿಂದ ಅಮೆರಿಕಾದ ಮೂಲನಿವಾಸಿಗಳು ಏಷ್ಯಾಖಂಡದವರೆಂದು ಮಾರ್ಗನ್ನನು ಮಾಡಿದ ತರ್ಕವನ್ನು ಈಗಿನವರು ಒಪ್ಪುವುದಿಲ್ಲ. ಸಂಬಂಧವು ದೂರವಾದಂತೆ ಎರಡು ಏರ್ಪಾಡುಗಳೂ ಬೇರೆ ಬೇರೆ ದಾರಿಯನ್ನು ಹಿಡಿಯುವುವೆಂದು 1964ರಲ್ಲಿ ಲೌನ್ಸ್‌ಬರಿ ಎಂಬ ವಿದ್ವಾಂಸನು ತೋರಿಸಿಕೊಟ್ಟಿದ್ದಾನೆ. ನಮ್ಮ ಪ್ರಕೃತಕ್ಕೆ ಬೇಕಾದುದು ಇಷ್ಟೇ: ತಾಯಿಯೆಂಬ ಶಬ್ದವು ಒಬ್ಬಳಿಗೇ ಮೀಸಲಾಗಿಲ್ಲದ ಸಮಾಜದಲ್ಲಿ, ಹೆತ್ತವಳು ಹತ್ತಿರವಿಲ್ಲವೆಂಬ ಕಾರಣದಿಂದ ಮಗುವನ್ನು ತಬ್ಬಲಿಯೆಂದು ಕರೆಯಲಾಗುವುದಿಲ್ಲ.

ಮಾರ್ಗನ್ನನು ಗ್ರಂಥವನ್ನು ಬರೆಯುತ್ತಿದ್ದ ಕಾಲದಲ್ಲಿಯೇ ಅವನ ದೇಶದ ಸರ್ಕಾರವು ಬೇರೊಂದು ಸಿದ್ಧಾಂತವನ್ನು ಹಿಡಿದು ನಡೆಯುತ್ತಿತ್ತು. 1831ರಲ್ಲಿ ಚೆರೊಕೀ ಕುಲದವರು ಜಾರ್ಜಿಯಾ ಸಂಸ್ಥಾನದ ಮೇಲೆ ತಂದ ವ್ಯಾಜ್ಯದಲ್ಲಿ ಮುಖ್ಯ ನ್ಯಾಯಾಧಿಪತಿ ಜಾನ್ ಮಾರ್ಷಲನು, ಕುಲಗಳು ಪರರಾಜ್ಯಗಳೂ ಅಲ್ಲ, ಸಂಸ್ಥಾನಗಳೂ ಅಲ್ಲ, ದೇಶದೊಳಗಣ ಆಶ್ರಿತ ರಾಷ್ಟ್ರಗಳೆಂದು ಹೇಳಿ, ಕೇಂದ್ರ ಸರ್ಕಾರಕ್ಕೂ ಅವುಗಳಿಗೂ ಇರುವ ಸಂಬಂಧವನ್ನು ಪಾಲಕನಿಗೂ ಅಪ್ರಾಪ್ತವಯಸ್ಕನಿಗೂ ಇರುವ ಸಂಬಂಧಕ್ಕೆ ಹೋಲಿಸಿದನು. ಇದು ಉಪಮೆಯಾಗಿ ಹುಟ್ಟಿದ ಮಾತು. ಅಲಂಕಾರಶಾಸ್ತ್ರವನ್ನು ಬಲ್ಲವರು ಉಪಮೆಯು ರೂಪಕವಾಗುವ ಕ್ರಮವನ್ನು ಅರಿಯರೆ? ಮುಂದಿನ ತಲೆಮಾರುಗಳ ಅಧಿಕಾರಿಗಳು ಹೋಲಿಕೆಯನ್ನು ಮರೆತು ಅಭೇದವನ್ನೇ ಹಿಡಿದರು. ಕುಲವೇ ಒಂದು ಮಗುವೆಂದಾದ ಮೇಲೆ, ಆ ಮಗುವಿಗೆ ತನ್ನ ಮಕ್ಕಳನ್ನು ಸಾಕುವ ಯೋಗ್ಯತೆ ಎಲ್ಲಿಯದು? ಸಾಹಿತ್ಯವನ್ನು ಬೋಧಿಸುವವರು ಕಾವ್ಯದ ಹೊರಗೂ ರೂಪಕದ ಬಲವನ್ನು ತೋರಿಸಬೇಕಾದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ಇದರ ಮೊದಲ ಫಲವಾಗಿ ಬಂದುವು ವಸತಿಶಾಲೆಗಳು. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿಯು ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬಲ್ಲಿ ಸ್ಥಾಪಿಸಿದ ಶಾಲೆಯು 1918ರವರೆಗೆ ನಡೆದು, ಇತರ ಅನೇಕಕ್ಕೆ ಮಾದರಿಯಾಯಿತು. ಮಕ್ಕಳನ್ನು ಮನೆಯಿಂದ ನೂರಾರು ಮೈಲಿ ದೂರಕ್ಕೆ ಒಯ್ದು, ಕೂದಲನ್ನು ಕತ್ತರಿಸಿ, ಹೆಸರನ್ನು ಬದಲಿಸಿ, ತಾಯ್ನುಡಿಯನ್ನು ಆಡಿದರೆ ದಂಡಿಸುವುದು ಅಲ್ಲಿನ ಕ್ರಮವಾಗಿದ್ದಿತು. ಕೇಂದ್ರ ಸರ್ಕಾರದ ಒಳಾಡಳಿತ ಇಲಾಖೆಯು 2024ರಲ್ಲಿ ಹೊರಡಿಸಿದ ವರದಿಯ ಪ್ರಕಾರ 1819ರಿಂದ 1969ರವರೆಗೆ ಇಂತಹ ಶಾಲೆಗಳು 417 ಇದ್ದುವು; ಅವುಗಳಲ್ಲಿ ಸತ್ತ ಮಕ್ಕಳ ಸಂಖ್ಯೆ ಕಡಮೆಯೆಂದರೂ 973. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಅಧ್ಯಕ್ಷ ಬೈಡನ್ನರು ಇದಕ್ಕಾಗಿ ಬಹಿರಂಗವಾಗಿ ಕ್ಷಮೆಯನ್ನು ಕೇಳಿದರು. ಈ ಶಾಲೆಗಳ ಕಥೆಯು ಈಗ ಸಾಕಷ್ಟು ಪ್ರಚಾರಕ್ಕೆ ಬಂದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಅದಕ್ಕಿಂತ ಕಡಮೆ ತಿಳಿದಿರುವುದು, ಶಾಲೆಗಳು ಇಳಿಮುಖವಾದ ಕಾಲದಲ್ಲಿ ಅವುಗಳ ಸ್ಥಾನವನ್ನು ಮಕ್ಕಳ ಕ್ಷೇಮಾಭಿವೃದ್ಧಿ ಇಲಾಖೆಗಳು ಆಕ್ರಮಿಸಿದ ವಿಷಯ.

1958ರಲ್ಲಿ ಕೇಂದ್ರ ಸರ್ಕಾರದ ಮೂಲನಿವಾಸಿ ಇಲಾಖೆಯೂ ಅಮೆರಿಕಾ ಮಕ್ಕಳ ಕ್ಷೇಮಾಭಿವೃದ್ಧಿ ಸಂಘವೂ ಕೂಡಿ ಒಂದು ದತ್ತಕ ಯೋಜನೆಯನ್ನು ಆರಂಭಿಸಿದುವು. 1967ರವರೆಗೆ 395 ಮಕ್ಕಳನ್ನು ಈ ಯೋಜನೆಯ ಮೂಲಕ ಬಿಳಿಯರ ಮನೆಗಳಿಗೆ ದತ್ತಕ ಕೊಟ್ಟರು. ಸಂಖ್ಯೆ ಅಲ್ಪವೆಂದು ತೋರಬಹುದು. ಆದರೆ ಇದನ್ನು ನೋಡಿ ಸಂಸ್ಥಾನಗಳ ಇಲಾಖೆಗಳೂ ಖಾಸಗಿ ಸಂಘಗಳೂ ಅದೇ ದಾರಿಯನ್ನು ಹಿಡಿದುವು. 1969 ಮತ್ತು 1974ರಲ್ಲಿ ಮೂಲನಿವಾಸಿಗಳ ಹಿತಚಿಂತಕ ಸಂಘವೊಂದು ಲೆಕ್ಕ ತೆಗೆದಾಗ, ದೇಶದ ಮೂಲನಿವಾಸಿ ಮಕ್ಕಳಲ್ಲಿ ನೂರಕ್ಕೆ 25ರಿಂದ 35 ಮಂದಿ ತಮ್ಮ ಕುಟುಂಬಗಳಿಂದ ಬೇರ್ಪಟ್ಟು ಸಾಕುಮನೆಗಳಲ್ಲಿಯೋ ದತ್ತಕದ ಮನೆಗಳಲ್ಲಿಯೋ ಸಂಸ್ಥೆಗಳಲ್ಲಿಯೋ ಇದ್ದರೆಂದು ಕಂಡುಬಂದಿತು. ಮಿನೆಸೋಟಾ ಸಂಸ್ಥಾನದಲ್ಲಿ 1971-72ರಲ್ಲಿ, ಒಂದು ವರ್ಷ ತುಂಬದ ಮೂಲನಿವಾಸಿ ಶಿಶುಗಳಲ್ಲಿ ಹೆಚ್ಚುಕಡಮೆ ನಾಲ್ಕಕ್ಕೊಂದು ದತ್ತಕಕ್ಕೆ ಹೋಗಿದ್ದಿತು. ನಾಲ್ಕು ತೊಟ್ಟಿಲುಗಳಲ್ಲಿ ಒಂದು ಬರಿದಾದ ಊರನ್ನು ವಾಚಕರು ಊಹಿಸಿಕೊಳ್ಳಬಹುದು.

ಇಷ್ಟು ಮಕ್ಕಳನ್ನು ತೆಗೆದುಕೊಂಡು ಹೋಗಲು ಕಾರಣವಾದರೂ ಏನು? ಉತ್ತರ ಡಕೋಟಾದ ಒಂದು ಕುಲದಲ್ಲಿ ನಡೆದ ಪರಿಶೀಲನೆಯಲ್ಲಿ, ದೇಹಹಿಂಸೆಯ ಕಾರಣದಿಂದ ತೆಗೆದುಕೊಂಡುಹೋದ ಮಕ್ಕಳು ನೂರಕ್ಕೆ ಒಬ್ಬರು ಮಾತ್ರ. ಉಳಿದವರ ವಿಷಯದಲ್ಲಿ ಬರೆದಿದ್ದುದು ಅಲಕ್ಷ್ಯ, ಸಾಮಾಜಿಕ ಅಭಾವ ಎಂಬಂತಹ ಅಸ್ಪಷ್ಟ ಶಬ್ದಗಳು. ಮಗುವನ್ನು ತಂದೆತಾಯಿಗಳಲ್ಲದವರ ಬಳಿ ಬಿಟ್ಟಿದ್ದರೆ ಅದೇ ಅಲಕ್ಷ್ಯಕ್ಕೆ ಸಾಕ್ಷಿಯೆಂದು ಅನೇಕ ಅಧಿಕಾರಿಗಳು ಎಣಿಸುತ್ತಿದ್ದರೆಂದು 1978ರ ಕಾಂಗ್ರೆಸ್ ಸಭೆಯ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಲಕೋಟಾ ಜನರಲ್ಲಿ ತಾಯಿಯ ತಂಗಿಗೂ ‘ಇನಾ’ ಎಂದೇ ಹೆಸರು. ‘ಇನಾ’ ಎಂದರೆ ಅಮ್ಮ. ಅವಳ ಮನೆಯಲ್ಲಿ ಮಲಗಿರುವ ಮಗುವನ್ನು ಅಧಿಕಾರಿಯು ಬಿಟ್ಟುಹೋದ ಮಗುವೆಂದು ದಾಖಲುಮಾಡಿದರೆ, ಆ ದಾಖಲೆಯಲ್ಲಿರುವುದು ಅನುವಾದದ ದೋಷ. ಕನ್ನಡ ನಾಡಿನಲ್ಲಿ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಕರಾವಳಿಯ ಅಳಿಯಸಂತಾನ ಕಟ್ಟನ್ನು ಬಲ್ಲವರಿಗಂತೂ, ಮಿಸಿಸಿಪ್ಪಿಯ ಚಾಕ್ಟಾ ಜನರಲ್ಲಿ ಹಿಂದೆ ಮಗುವು ತಾಯಿಯ ಬಳಿಗೆ ಸೇರಿ, ಸೋದರಮಾವನು ಅದರ ಶಿಕ್ಷಣಕ್ಕೆ ಹೊಣೆಯಾಗುತ್ತಿದ್ದನೆಂದರೆ ಆಶ್ಚರ್ಯವೇನೂ ಆಗದು. ತಂದೆಯಿಲ್ಲದ ಮನೆಯೆಂಬುದು ಅಂತಹ ಸಮಾಜದಲ್ಲಿ ಅರಾಜಕವಾದ ಮನೆಯಾಗಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಮೊದಲು ಎದ್ದವರು ಹೆಂಗಸರು. 1968ರಲ್ಲಿ ಉತ್ತರ ಡಕೋಟಾದ ಡೆವಿಲ್ಸ್ ಲೇಕ್ ಸೂ ಕುಲದವರು ಮಕ್ಕಳನ್ನು ಒಯ್ಯುವುದನ್ನು ಪ್ರತಿಭಟಿಸಿ ಮೇಲೆ ಹೇಳಿದ ಸಂಘದ ನೆರವನ್ನು ಬೇಡಿದರು. ಆ ಕುಲದ ತಾಯಂದಿರೂ ಅಜ್ಜಿಯರೂ ನ್ಯೂಯಾರ್ಕ್ ನಗರಕ್ಕೆ ಹೋಗಿ ಪತ್ರಿಕೆಯವರ ಮುಂದೆ ತಮ್ಮ ದುಃಖವನ್ನು ಹೇಳಿಕೊಂಡರು. 1974ರಲ್ಲಿ ದಕ್ಷಿಣ ಡಕೋಟಾದ ಸೆನೆಟ್ ಸದಸ್ಯ ಜೇಮ್ಸ್ ಅಬೂರೆಸ್ಕನು ಈ ವಿಷಯದಲ್ಲಿ ವಿಚಾರಣೆಯನ್ನು ನಡೆಸಿದನು. ಅಷ್ಟರಲ್ಲಿ ದೇಶದ ರಾಜನೀತಿಯೂ ತಿರುಗಿದ್ದಿತು. 1970ರಲ್ಲಿ ಅಧ್ಯಕ್ಷ ನಿಕ್ಸನ್ನನು ಕುಲಗಳ ಸ್ವಯಂನಿರ್ಣಯವೇ ಇನ್ನು ಮುಂದಿನ ನೀತಿಯೆಂದು ಸಾರಿದ್ದನು; 1975ರ ಜನವರಿಯಲ್ಲಿ ಅದೇ ಹೆಸರಿನ ಶಾಸನವೂ ಬಂದು, ಶಾಲೆ ಆಸ್ಪತ್ರೆ ಮೊದಲಾದುವನ್ನು ಕುಲಗಳು ತಾವೇ ನಡೆಸಲು ಅವಕಾಶವಾಯಿತು. ಶಾಲೆಯನ್ನು ನಡೆಸಬಲ್ಲವರು ಶಾಲೆಗೆ ಹೋಗುವ ಮಗುವಿನ ವಿಷಯದಲ್ಲಿ ಮಾತನಾಡಲಾರರೆ ಎಂಬ ಪ್ರಶ್ನೆ ತಾನಾಗಿ ಎದ್ದಿತು. 1978ರ ನವೆಂಬರ್ 8ರಂದು ಅಧ್ಯಕ್ಷ ಕಾರ್ಟರನ ಸಹಿಯೊಡನೆ ಮೂಲನಿವಾಸಿ ಮಕ್ಕಳ ಕ್ಷೇಮಾಭಿವೃದ್ಧಿ ಶಾಸನವು ಜಾರಿಗೆ ಬಂದಿತು.

ಶಾಸನದ ಮುಖ್ಯಾಂಶಗಳನ್ನು ಇಲ್ಲಿ ಹೇಳಬೇಕಾಗಿದೆ. ಹದಿನೆಂಟು ವರ್ಷ ತುಂಬದ, ಅವಿವಾಹಿತವಾದ, ಯಾವುದಾದರೊಂದು ಕುಲದ ಸದಸ್ಯತ್ವವುಳ್ಳ ಮಗು, ಅಥವಾ ಸದಸ್ಯನೊಬ್ಬನ ಔರಸಸಂತಾನವಾಗಿದ್ದು ತಾನೂ ಸದಸ್ಯತ್ವಕ್ಕೆ ಅರ್ಹವಾದ ಮಗು ಇದರ ವ್ಯಾಪ್ತಿಗೆ ಸೇರುತ್ತದೆ. ಮಗುವು ಮೀಸಲು ಪ್ರದೇಶದ ನಿವಾಸಿಯಾಗಿದ್ದರೆ ಅದರ ಪಾಲನೆಯ ವ್ಯಾಜ್ಯವನ್ನು ತೀರ್ಮಾನಿಸುವ ಅಧಿಕಾರವು ಸಾಮಾನ್ಯವಾಗಿ ಕುಲದ ನ್ಯಾಯಸ್ಥಾನಕ್ಕೇ ಸೇರಿದುದು. ಹೊರಗಿದ್ದರೆ ವ್ಯಾಜ್ಯವು ಸಂಸ್ಥಾನದ ನ್ಯಾಯಸ್ಥಾನದಲ್ಲಿ ನಡೆಯಬಹುದು. ಆದರೆ ಬಲಾತ್ಕಾರವಾಗಿ ಮಗುವನ್ನು ಬೇರ್ಪಡಿಸುವ ಯಾವ ಪ್ರಕರಣದಲ್ಲಿಯೂ ತಂದೆತಾಯಿಗಳಿಗೂ ಕುಲಕ್ಕೂ ನೋಂದಾಯಿಸಿದ ಅಂಚೆಯ ಮೂಲಕ ತಿಳಿವಳಿಕೆ ಕೊಡಬೇಕು. ತಂದೆತಾಯಿಗಳಾಗಲಿ ಕುಲವಾಗಲಿ ಕೇಳಿಕೊಂಡರೆ, ತಕ್ಕ ಕಾರಣವಿಲ್ಲದ ಹೊರತು, ಹೆತ್ತವರಲ್ಲಿ ಒಬ್ಬರು ಬೇಡವೆನ್ನದ ಪಕ್ಷದಲ್ಲಿ, ವ್ಯಾಜ್ಯವನ್ನು ಕುಲದ ನ್ಯಾಯಸ್ಥಾನಕ್ಕೆ ವರ್ಗಮಾಡಬೇಕು. ಕುಟುಂಬವು ಒಡೆಯದಂತೆ ಇಲಾಖೆಯು ಕ್ರಿಯಾಶೀಲವಾದ ಪ್ರಯತ್ನವನ್ನು ಮಾಡಿದುದನ್ನು ರುಜುವಾತುಪಡಿಸಬೇಕು. ತಾಯಿತಂದೆಗಳ ಹಕ್ಕನ್ನು ಶಾಶ್ವತವಾಗಿ ಕಳೆಯಬೇಕಾದರೆ, ಅಪರಾಧದ ಮೊಕದ್ದಮೆಗಳಲ್ಲಿರುವಂತೆ, ಸಂಶಯಕ್ಕೆ ಎಡೆಯಿಲ್ಲದಷ್ಟು ಸಾಕ್ಷ್ಯ ಬೇಕು. ಹೆರಿಗೆಯಾದ ಹತ್ತು ದಿನಗಳೊಳಗೆ ತಾಯಿಯು ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ. ಅನಂತರವೂ ನ್ಯಾಯಾಧೀಶನ ಸಮಕ್ಷಮದಲ್ಲಿ, ಅವಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ ಮೇಲೆಯೇ ಒಪ್ಪಿಗೆಯನ್ನು ಬರೆಸಿಕೊಳ್ಳತಕ್ಕದ್ದು. ಆಸ್ಪತ್ರೆಯ ಹಾಸಿಗೆಯ ಮೇಲೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದ ವಾಡಿಕೆಯನ್ನು ಬಲ್ಲವರಿಗೆ ಈ ವಿಧಿಯ ಅಗತ್ಯವು ತಾನೇ ತಿಳಿಯುವುದು.

ದತ್ತಕಕ್ಕೆ ಮಗುವನ್ನು ಕೊಡುವಾಗ ಮೊದಲು ವಿಸ್ತೃತ ಕುಟುಂಬದವರಿಗೆ, ಆಮೇಲೆ ಅದೇ ಕುಲದ ಇತರರಿಗೆ, ಅನಂತರ ಬೇರೆ ಮೂಲನಿವಾಸಿ ಕುಟುಂಬಗಳಿಗೆ ಆದ್ಯತೆಯುಂಟು. ಈ ಕ್ರಮವನ್ನು ಕುಲವು ತನ್ನ ನಿರ್ಣಯದಿಂದ ಬದಲಿಸಲೂಬಹುದು. ವಿಸ್ತೃತ ಕುಟುಂಬವೆಂದರೆ ಯಾರು ಯಾರೆಂಬುದನ್ನು ಆಯಾ ಕುಲದ ಶಾಸನವಾಗಲಿ ಆಚಾರವಾಗಲಿ ಹೇಳಿದಂತೆ ಗ್ರಹಿಸಬೇಕೆಂದು ವಿಧಿಸಿದೆ. ನಮ್ಮ ದೃಷ್ಟಿಯಲ್ಲಿ ಶಾಸನದ ಜೀವಾಳವಿರುವುದು ಈ ಸಣ್ಣ ವಾಕ್ಯದಲ್ಲಿ. ಬಂಧುವಾಚಕಗಳ ಕೋಶವನ್ನು ರಚಿಸುವ ಅಧಿಕಾರವು ಇಲಾಖೆಯಿಂದ ಕುಲಕ್ಕೆ ಮರಳಿದುದು ಇದರಿಂದಲೇ.

ಶಾಸನವನ್ನು ಕುರಿತು ಪರಮೋಚ್ಚ ನ್ಯಾಯಸ್ಥಾನವು ಮೊದಲು ತೀರ್ಪಿತ್ತುದು 1989ರಲ್ಲಿ, ಮಿಸಿಸಿಪ್ಪಿಯ ಚಾಕ್ಟಾ ಕುಲದವರ ವ್ಯಾಜ್ಯದಲ್ಲಿ. ಈ ವ್ಯಾಜ್ಯವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಏಕೆಂದರೆ ಇದರಲ್ಲಿ ದುಷ್ಟರಾದವರು ಯಾರೂ ಇಲ್ಲ. ತಾಯಿತಂದೆಗಳಿಬ್ಬರೂ ಕುಲದ ಸದಸ್ಯರು, ಮೀಸಲು ಪ್ರದೇಶದ ನಿವಾಸಿಗಳು, ಪರಸ್ಪರ ವಿವಾಹವಾದವರಲ್ಲ. 1985ರ ಡಿಸೆಂಬರ್ ಕೊನೆಯಲ್ಲಿ, ಊರಿನಿಂದ ಸುಮಾರು 200 ಮೈಲಿ ದೂರದ ಒಂದು ಪಟ್ಟಣದಲ್ಲಿ, ತಾಯಿಯು ಅವಳಿಮಕ್ಕಳನ್ನು ಹೆತ್ತಳು. ಕುಲದ ಹೊರಗಿನ ದಂಪತಿಗಳಿಗೆ ಮಕ್ಕಳನ್ನು ಕೊಡಬೇಕೆಂಬುದು ಹೆತ್ತವರದೇ ಇಚ್ಛೆ. ಮುಂದಿನ ತಿಂಗಳಲ್ಲಿಯೇ ದತ್ತಕವಾಯಿತು. ಎರಡು ತಿಂಗಳ ಮೇಲೆ ಕುಲವು, ಈ ಮಕ್ಕಳು ಮೀಸಲು ಪ್ರದೇಶದ ನಿವಾಸಿಗಳಾದುದರಿಂದ ಸಂಸ್ಥಾನದ ನ್ಯಾಯಸ್ಥಾನಕ್ಕೆ ಅಧಿಕಾರವೇ ಇಲ್ಲವೆಂದು ವಾದಿಸಿತು. ಮಕ್ಕಳು ಅಲ್ಲಿ ಕಾಲನ್ನೇ ಇಟ್ಟಿಲ್ಲವಲ್ಲ ಎಂಬುದು ಎದುರುವಾದ. ಶಿಶುವಿನ ನಿವಾಸವು ತಾಯಿಯ ನಿವಾಸವನ್ನು ಅನುಸರಿಸುವುದು ಹಳೆಯ ನ್ಯಾಯ. ತಾಯಿಯು ಹೆರಿಗೆಗಾಗಿ ದೂರ ಹೋದ ಮಾತ್ರಕ್ಕೆ ಅದು ತಪ್ಪುವುದಿಲ್ಲವೆಂದು ನ್ಯಾಯಮೂರ್ತಿ ಬ್ರೆನನ್ನನು ಬಹುಮತದ ತೀರ್ಪನ್ನು ಬರೆದನು. ಆರು ಮಂದಿ ಅವನ ಪಕ್ಷ, ಮೂವರು ಎದುರು. ಮಗುವಿನಲ್ಲಿ ಕುಲಕ್ಕಿರುವ ಹಿತವು ತಂದೆತಾಯಿಗಳ ಹಿತದಿಂದ ಬೇರೆಯಾದುದು, ಅದಕ್ಕೆ ಸಮಾನವಾದುದು ಎಂಬ ಅಂಶವು ಈ ತೀರ್ಪಿನಿಂದ ಸ್ಥಿರವಾಯಿತು.

ಹೆತ್ತ ತಾಯಿಯ ಇಚ್ಛೆಗೆ ವಿರುದ್ಧವಾಗಿ ಕುಲವು ನಿಲ್ಲಬಹುದೇ ಎಂದು ಓದುವವರ ಮನಸ್ಸು ಕಳವಳಗೊಳ್ಳುವುದು ಸಹಜ; ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಸ್ಟೀವನ್ಸನ ಕಳವಳವೂ ಅದೇ. ತೀರ್ಪು ಬರುವ ವೇಳೆಗೆ ಮಕ್ಕಳಿಗೆ ಮೂರು ವರ್ಷ ತುಂಬಿದ್ದಿತು. ಅವರು ಬಲ್ಲ ತಾಯಿ ಸಾಕಿದವಳೊಬ್ಬಳೇ. ಅನಂತರ ನಡೆದುದನ್ನು ಈ ತೀರ್ಪನ್ನು ಉದ್ಧರಿಸುವ ಬಹುಮಂದಿ ಹೇಳುವುದೇ ಇಲ್ಲ. ವ್ಯಾಜ್ಯವು ಕುಲದ ನ್ಯಾಯಸ್ಥಾನಕ್ಕೆ ಮರಳಿದಾಗ, ಆ ನ್ಯಾಯಸ್ಥಾನವು ಮಕ್ಕಳನ್ನು ಸಾಕಿದ ತಾಯಿಯ ಬಳಿಯಲ್ಲಿಯೇ ಉಳಿಸಿ, ಚಾಕ್ಟಾ ಬಂಧುಗಳೊಡನೆ ಅವರ ಸಂಪರ್ಕವು ತಪ್ಪದಂತೆ ಏರ್ಪಡಿಸಿತು. ಮಕ್ಕಳ ಮನೆ ಬದಲಾಗಲಿಲ್ಲ. ಬದಲಾದುದು ತೀರ್ಮಾನಿಸಿದವರು ಯಾರೆಂಬುದು, ಮತ್ತು ಬಂಧುಗಳ ಬಾಗಿಲು ಮುಚ್ಚದೆ ಉಳಿದುದು. ದತ್ತಕಕ್ಕೂ ಸಾಕುವಿಕೆಗೂ ನಡುವೆ ಇಂತಹ ಒಂದು ದಾರಿಯಿರಬಹುದೆಂದು ಸಂಸ್ಥಾನದ ನ್ಯಾಯಸ್ಥಾನಕ್ಕೆ ಹೊಳೆದಿರಲಿಲ್ಲ. ಸ್ವಯಂನಿರ್ಣಯವೆಂದರೆ ಮಕ್ಕಳನ್ನು ಕುಲದ ಆಸ್ತಿಯೆಂದು ಹಿಡಿದಿಡುವುದೆಂಬ ಆಕ್ಷೇಪಕ್ಕೆ ಈ ಒಂದು ನಿದರ್ಶನವು ಪೂರ್ಣ ಸಮಾಧಾನವಲ್ಲದಿದ್ದರೂ ತಕ್ಕಮಟ್ಟಿನ ಸಮಾಧಾನವೆಂದು ನಮಗೆ ತೋರುತ್ತದೆ.

ಇಲ್ಲಿ ಮತ್ತೊಂದು ಗ್ರಂಥದ ವಿಷಯವನ್ನು ಹೇಳಬೇಕು. ಮೇಲೆ ಹೇಳಿದ ದತ್ತಕ ಯೋಜನೆಯ ಮಕ್ಕಳನ್ನು ಹಲವು ವರ್ಷ ಪರಿಶೀಲಿಸಿ ಡೇವಿಡ್ ಫ್ಯಾನ್‌ಷೆಲ್ ಎಂಬ ಸಂಶೋಧಕನು 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಮಕ್ಕಳಲ್ಲಿ ಬಹುಮಂದಿ ದೇಹ ಮನಸ್ಸುಗಳ ಆರೋಗ್ಯದಿಂದ ಬೆಳೆಯುತ್ತಿದ್ದರೆಂದು ತೋರಿಸಿದನು. ಅಂದಮೇಲೆ ಯೋಜನೆಯು ಸಾಧುವಾದುದೆಂದು ಅವನು ಮುಗಿಸಬಹುದಾಗಿತ್ತು. ಹಾಗೆ ಮಾಡದೆ, ಮೂಲನಿವಾಸಿ ಮಕ್ಕಳನ್ನು ಬಿಳಿಯರ ಮನೆಗೆ ಕೊಡಬೇಕೆ ಬೇಡವೆ ಎಂಬುದನ್ನು ನಿರ್ಧರಿಸುವ ಹಕ್ಕು ಮೂಲನಿವಾಸಿಗಳದು ಮಾತ್ರವೆಂದು ಬರೆದನು. ತನ್ನ ಸಂಖ್ಯೆಗಳು ಎಲ್ಲಿಯವರೆಗೆ ಸಾಕ್ಷಿ ಹೇಳಬಲ್ಲುವೆಂಬುದನ್ನು ಅರಿತ ವಿದ್ವಾಂಸನ ಲಕ್ಷಣವಿದು. ಅವನು ನೋಡಿದ್ದುದು ಚಿಕ್ಕ ಮಕ್ಕಳನ್ನು. ಅವರು ಪ್ರಾಯಕ್ಕೆ ಬಂದು ತಾವು ಯಾರ ಮಕ್ಕಳೆಂದು ಕೇಳುವ ಕಾಲವು ಇನ್ನೂ ಬಂದಿರಲಿಲ್ಲ. ಯೋಜನೆಯಲ್ಲಿ ಪಾಲುಗೊಂಡಿದ್ದ ಕ್ಷೇಮಾಭಿವೃದ್ಧಿ ಸಂಘದ ಮುಖ್ಯಸ್ಥನು 2001ರಲ್ಲಿ ಅದಕ್ಕಾಗಿ ಕ್ಷಮೆಯನ್ನು ಬೇಡಿದನು.

ಶಾಸನದ ಮೇಲಣ ಆಕ್ಷೇಪಗಳಲ್ಲಿ ಅತ್ಯಂತ ಗಹನವಾದುದು, ಇದು ಮಗುವನ್ನು ರಕ್ತದಿಂದ ವಿಂಗಡಿಸುತ್ತದೆ ಎಂಬುದು. ಬೇರೆ ಮಕ್ಕಳಿಗೆ ಒಂದು ನ್ಯಾಯ, ಮೂಲನಿವಾಸಿ ಮಗುವಿಗೆ ಒಂದು ನ್ಯಾಯವೆಂದರೆ ಸಮಾನತೆ ಎಲ್ಲಿ ಉಳಿಯಿತು? ಇದಕ್ಕೆ ಉತ್ತರವು 1974ರ ಒಂದು ತೀರ್ಪಿನಲ್ಲಿದೆ. ಕುಲದ ಸದಸ್ಯತ್ವವು ಜನಾಂಗದ ಗುರುತಲ್ಲ, ರಾಜ್ಯದ ಪೌರತ್ವದಂತೆ ರಾಜಕೀಯವಾದುದು ಎಂದು ನ್ಯಾಯಸ್ಥಾನವು ಆಗ ಹೇಳಿತು. ಉತ್ತರವು ಬಲವಾದುದೇ, ಆದರೂ ಸದಸ್ಯತ್ವವು ವಂಶಪರಂಪರೆಯಿಂದ ಬರುವುದರಿಂದ ಆಕ್ಷೇಪವು ಪೂರ್ತಿಯಾಗಿ ಅಡಗುವುದಿಲ್ಲ. 2013ರಲ್ಲಿ, ಚೆರೊಕೀ ತಂದೆಯೊಬ್ಬನ ವ್ಯಾಜ್ಯದಲ್ಲಿ, ಮಗುವನ್ನು ಒಂದು ದಿನವೂ ತನ್ನ ವಶದಲ್ಲಿಟ್ಟುಕೊಂಡಿರದ ತಂದೆಗೆ ಶಾಸನದ ಕೆಲವು ರಕ್ಷಣೆಗಳು ಸಲ್ಲವೆಂದು ಐವರು ನ್ಯಾಯಮೂರ್ತಿಗಳು ನಾಲ್ವರ ಭಿನ್ನಮತವನ್ನು ಮೀರಿ ತೀರ್ಪಿತ್ತರು. ಟೆಕ್ಸಸ್ ಸಂಸ್ಥಾನವೂ ಕೆಲವು ದಂಪತಿಗಳೂ ಕೂಡಿ ತಂದ ವ್ಯಾಜ್ಯದಲ್ಲಿ 2018ರಲ್ಲಿ ಕೆಳಗಿನ ನ್ಯಾಯಸ್ಥಾನವು ಶಾಸನವನ್ನೇ ಅಸಿಂಧುವೆಂದಿತು. 2023ರ ಜೂನ್ 15ರಂದು ಪರಮೋಚ್ಚ ನ್ಯಾಯಸ್ಥಾನವು ಏಳಕ್ಕೆ ಎರಡರ ಬಹುಮತದಿಂದ ಶಾಸನವನ್ನು ಎತ್ತಿಹಿಡಿಯಿತು. ಇಂತಹ ಶಾಸನವನ್ನು ಮಾಡುವ ಅಧಿಕಾರವು ಕಾಂಗ್ರೆಸ್ ಸಭೆಗೆ ಉಂಟೆಂದು ನ್ಯಾಯಮೂರ್ತಿ ಬ್ಯಾರೆಟ್ ಬರೆದರು. ಆದರೆ ಸಮಾನತೆಯ ಪ್ರಶ್ನೆಯನ್ನು ಎತ್ತಲು ವಾದಿಗಳಿಗೆ ಅಧಿಕಾರವಿಲ್ಲವೆಂಬ ಕಾರಣದಿಂದ ಅದನ್ನು ಮುಟ್ಟಲಿಲ್ಲ. ವಿಜಯೋತ್ಸವವನ್ನು ಆಚರಿಸಿದವರು ಈ ಅಂಶವನ್ನು ಗಮನಿಸಬೇಕಾಗಿದ್ದಿತು. ಮಿನೆಸೋಟಾ, ವಾಷಿಂಗ್ಟನ್, ನ್ಯೂ ಮೆಕ್ಸಿಕೋ ಮೊದಲಾದ ಸಂಸ್ಥಾನಗಳು ಇದೇ ಬಗೆಯ ಶಾಸನಗಳನ್ನು ತಾವೂ ಮಾಡಿಕೊಂಡಿರುವುದು ದೂರದೃಷ್ಟಿಯ ಕೆಲಸ.

ಕೆನಡಾದ ಇತಿಹಾಸವು ಇದಕ್ಕೆ ಸಮಾನಾಂತರವಾಗಿ ಹೋಗಿ, ಕೊನೆಯಲ್ಲಿ ಮುಂದಕ್ಕೆ ದಾಟುತ್ತದೆ. 1951ರಲ್ಲಿ ಅಲ್ಲಿನ ಮೂಲನಿವಾಸಿ ಕಾಯಿದೆಗೆ ಒಂದು ತಿದ್ದುಪಡಿ ಬಂದು, ಪ್ರಾಂತಗಳ ಸಾಮಾನ್ಯ ಶಾಸನಗಳು ಮೀಸಲು ಪ್ರದೇಶಗಳಿಗೂ ಅನ್ವಯಿಸತೊಡಗಿದುವು. ಅದರ ಬೆನ್ನಲ್ಲಿಯೇ ಪ್ರಾಂತಗಳ ಅಧಿಕಾರಿಗಳು ಬಂದರು. ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 1955ರಲ್ಲಿ ಸರ್ಕಾರದ ಪಾಲನೆಯಲ್ಲಿದ್ದ 3,433 ಮಕ್ಕಳಲ್ಲಿ ಮೂಲನಿವಾಸಿಗಳು 29. 1964ರಲ್ಲಿ 4,228ರಲ್ಲಿ 1,446. ಒಂಬತ್ತು ವರ್ಷಗಳಲ್ಲಿ ಒಂದು ಜನರ ತಾಯಂದಿರೆಲ್ಲ ಇಷ್ಟು ಕೆಟ್ಟವರಾದರೆಂದು ನಂಬುವುದಕ್ಕಿಂತ, ನೋಡುವ ಕಣ್ಣು ಬದಲಾಯಿತೆಂದು ನಂಬುವುದು ಸುಲಭ. ಅದೇ ಪ್ರಾಂತದ ಸ್ಪಲ್ಲಮ್‌ಚೀನ್ ಎಂಬ ಚಿಕ್ಕ ಸಮುದಾಯವು, ವೇಯ್ನ್ ಕ್ರಿಶ್ಚಿಯನ್ ಎಂಬ ತರುಣ ಮುಖಂಡನ ನೇತೃತ್ವದಲ್ಲಿ, 1980ರಲ್ಲಿ ತಮ್ಮ ಮಕ್ಕಳ ವಿಷಯದಲ್ಲಿ ತಮಗೇ ಪೂರ್ಣಾಧಿಕಾರವೆಂದು ಒಂದು ಉಪನಿಬಂಧವನ್ನು ಮಾಡಿತು. ಸಮುದಾಯಗಳ ಉಪನಿಬಂಧಗಳನ್ನು ಕೇಂದ್ರ ಮಂತ್ರಿಯು ತಳ್ಳಿಹಾಕಬಹುದಾಗಿತ್ತು, ಹಾಗೆ ಮಾಡಲಿಲ್ಲ. ಆ ಶರತ್ಕಾಲದಲ್ಲಿ ನೂರಾರು ಮಂದಿ ವ್ಯಾಂಕೂವರ್ ನಗರಕ್ಕೆ ಯಾತ್ರೆಹೋಗಿ ಪ್ರಾಂತದ ಮಂತ್ರಿಣಿಯಿಂದಲೂ ಒಪ್ಪಿಗೆಯನ್ನು ಪಡೆದರು. ರಸ್ತೆ ಕಸಗಳಂತಹ ಸಣ್ಣಪುಟ್ಟ ವಿಷಯಗಳಿಗಾಗಿ ಏರ್ಪಟ್ಟಿದ್ದ ಉಪನಿಬಂಧಾಧಿಕಾರದಿಂದ ಇಷ್ಟು ದೊಡ್ಡ ಹಕ್ಕನ್ನು ಹೊರಡಿಸಿದುದು ಜಾಣತನವೇ ಸರಿ.

ಉಳಿದ ಸಮುದಾಯಗಳಿಗೆ ಆ ಭಾಗ್ಯ ಬರಲು ನಾಲ್ವತ್ತು ವರ್ಷ ಬೇಕಾಯಿತು. 2016ರಲ್ಲಿ ಕೆನಡಾದ ಮಾನವಹಕ್ಕುಗಳ ನ್ಯಾಯಮಂಡಲಿಯು, ಮೀಸಲು ಪ್ರದೇಶಗಳ ಮಕ್ಕಳ ಸೇವೆಗೆ ಕೇಂದ್ರ ಸರ್ಕಾರವು ಕಡಮೆ ಹಣವನ್ನು ಕೊಟ್ಟು ಪಕ್ಷಪಾತ ಮಾಡಿದೆಯೆಂದು ತೀರ್ಪಿತ್ತಿತು. ಅದರಲ್ಲಿ ಹೊರಬಿದ್ದ ಒಂದು ಸಂಗತಿ ಗಮನಾರ್ಹವಾದುದು: ಮಗುವನ್ನು ಮನೆಯಿಂದ ತೆಗೆದು ಸಾಕುಮನೆಗೆ ಸೇರಿಸಿದರೆ ತಗಲಿದ ವೆಚ್ಚವೆಲ್ಲ ಸರ್ಕಾರದಿಂದ ಬರುತ್ತಿತ್ತು, ಮನೆಯಲ್ಲಿಯೇ ಉಳಿಸಿಕೊಳ್ಳಲು ನೆರವು ಬೇಕಾದರೆ ಹಣಕ್ಕೆ ಮಿತಿಯಿತ್ತು. 2021ರ ಜನಗಣತಿಯಲ್ಲಿ, ಹದಿನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ನೂರಕ್ಕೆ 7.7 ಇದ್ದರೆ, ಸಾಕುಮನೆಗಳಲ್ಲಿದ್ದ ಮಕ್ಕಳಲ್ಲಿ ನೂರಕ್ಕೆ 53.8ರಷ್ಟಿದ್ದರು.

2020ರ ಜನವರಿಯಿಂದ ಜಾರಿಗೆ ಬಂದಿರುವ ಕೆನಡಾದ ಶಾಸನವು, ಮಕ್ಕಳ ಮತ್ತು ಕುಟುಂಬಗಳ ಸೇವೆಯಲ್ಲಿ ಶಾಸನಮಾಡುವ ಅಧಿಕಾರವು ಸ್ವಯಮಾಡಳಿತದ ಹಕ್ಕಿನಲ್ಲಿಯೇ ಸೇರಿದೆಯೆಂದು ಒಪ್ಪುತ್ತದೆ. ಇಲ್ಲಿಯೇ ಅದು ಅಮೆರಿಕಾದ ಶಾಸನವನ್ನು ಮೀರುವುದು. ಅಲ್ಲಿ ಕಾಂಗ್ರೆಸ್ ಸಭೆಯು ವಿಧಿಸಿದುದನ್ನು ಇಲ್ಲಿ ಸಮುದಾಯವೇ ವಿಧಿಸಬಹುದು. ಸಮುದಾಯವು ಸರ್ಕಾರಗಳೊಡನೆ ಒಪ್ಪಂದಕ್ಕೆ ಕೇಳಿಕೊಂಡು, ಒಪ್ಪಂದವಾದರೆ ಅಥವಾ ಹನ್ನೆರಡು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಆಗದಿದ್ದರೆ, ಅದು ಮಾಡಿದ ಶಾಸನಕ್ಕೆ ಕೇಂದ್ರ ಶಾಸನದ ಬಲ ಬರುವುದು. ಬಡತನ, ಮನೆಯ ಇಕ್ಕಟ್ಟು ಇವುಗಳ ಕಾರಣದಿಂದ ಮಾತ್ರವೇ ಮಗುವನ್ನು ತೆಗೆದುಕೊಂಡು ಹೋಗಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಕ್ವಿಬೆಕ್ ಪ್ರಾಂತವು ಇದನ್ನು ಪ್ರಶ್ನಿಸಿದಾಗ, 2024ರ ಫೆಬ್ರವರಿ 9ರಂದು ಅಲ್ಲಿನ ಪರಮೋಚ್ಚ ನ್ಯಾಯಸ್ಥಾನವು ಒಮ್ಮತದಿಂದ ಶಾಸನವನ್ನೆಲ್ಲ ಸಿಂಧುವೆಂದು ಸಾರಿತು. ಸಸ್ಕಾಚೆವಾನ್ ಪ್ರಾಂತದ ಕೌಯೆಸೆಸ್ ಸಮುದಾಯವು ಇದರಡಿಯಲ್ಲಿ ಮೊದಲ ಒಪ್ಪಂದಕ್ಕೆ 2021ರ ಜುಲೈ ತಿಂಗಳಿನಲ್ಲಿ ಸಹಿಹಾಕಿತು. ಅವರು ತಮ್ಮ ಶಾಸನಕ್ಕೆ ಇಟ್ಟಿರುವ ಹೆಸರು ‘ಮಿಯೊ ಪಿಮಾಟಿಸೊವಿನ್’. ಕ್ರೀ ಭಾಷೆಯಲ್ಲಿ ಮಿಯೊ ಎಂದರೆ ಒಳ್ಳೆಯದು, ಪಿಮಾಟಿಸೊವಿನ್ ಎಂದರೆ ಬಾಳುವೆ. ಕೇಂದ್ರ ಶಾಸನದ ವ್ಯಾಖ್ಯಾಪ್ರಕರಣದಲ್ಲಿಯೋ ಕುಟುಂಬವೆಂಬ ಶಬ್ದಕ್ಕೆ, ಮಗುವು ಯಾರನ್ನು ತನ್ನ ಹತ್ತಿರದ ಬಂಧುವೆಂದು ಎಣಿಸುವುದೋ ಅವರೂ, ಅದರ ಸಮುದಾಯವು ತನ್ನ ಆಚಾರದಂತೆ ಯಾರನ್ನು ಹಾಗೆ ಎಣಿಸುವುದೋ ಅವರೂ ಸೇರುವರೆಂದು ಅರ್ಥವನ್ನು ಬರೆದಿದ್ದಾರೆ.